ಲಕ್ಷ್ಮಪ್ಪ ಕಾಕಾನ ಉಪ್ಪುನೀರಿನ ಕುರಿಗಳು

ಹಲ್ಲಿನ ದವಾಖಾನೆಗೆ ನಗುತ್ತ ಬರುವವರನ್ನು ನಾನಿನ್ನೂ ಕಂಡಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಒಳಗಿನ ಮಷೀನಿನ ಸದ್ದಿಗೆ ಬೆವರುವವರಿಗೆ ಕಣ್ಣಿಗಾದರೂ ಸಮಾಧಾನವಿರಲಿ ಎಂದು ಬಾಗಲಕೋಟೆಯ ವಿದ್ಯಾಗಿರಿ ಬಡಾವಣೆಯ ನನ್ನ ದವಾಖಾನೆಯಲ್ಲಿ ಮೀನಿನ ತೊಟ್ಟಿ ಇಡಿಸಿದೆ. ಸಿಹಿನೀರಿನ ನಾಲ್ಕು ಬಣ್ಣದ ಮೀನು ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹುಬ್ಬಳ್ಳಿಯಲ್ಲಿ ಮೀನಿನ ಅಂಗಡಿ ಇಟ್ಟಿರುವ ರಿಜ್ವಾನ ಎಂಬ ಮಾತಿನ ಮಲ್ಲ ನನ್ನ ತಲೆ ಕೆಡಿಸಿ ಸಮುದ್ರದ ಮೀನನ್ನೇ ಮಾರಿಬಿಟ್ಟ. ಬಾಗಲಕೋಟೆಯಲ್ಲಿ ಸಮುದ್ರ! ಚೀಲದ ಉಪ್ಪು ತರಿಸಿ, ಶುದ್ಧ ನೀರಿನಲ್ಲಿ ಕಲಸಿ, ಅಳತೆ ನೋಡಿ, ನಮ್ಮ ಕೈಯಾರೆ ಸಮುದ್ರ ತಯಾರಿಸಬೇಕು. ಇಳಕಲ್ಲಿನಲ್ಲಿರುವ ನನ್ನ ಅವ್ವ ಇದನ್ನು ಕೇಳಿ, "ನೇಕಾರರ ಮನಿ ಹುಡುಗಿ, ಹಲ್ಲ ಕೀಳೂದು ಬಿಟ್ಟು ಸಮುದ್ರ ಮಾಡಾಕ ಕುಂತಾಳ" ಎಂದು ಫೋನಿನಲ್ಲೇ ನಕ್ಕಳು.

ಖರೆ ಹೇಳಬೇಕೆಂದರೆ ಆ ಸಮುದ್ರವನ್ನು ಕಲಸಿದವನು ಲಕ್ಷ್ಮಪ್ಪ ಕಾಕಾ. ನನ್ನ ದವಾಖಾನೆಯ ಬಾಗಿಲು ತೆಗೆಯುವವನು, ನೆಲ ಒರೆಸಿಸುವವನು, ಪಾಳಿ ತಪ್ಪಿಸಿ ಒಳನುಗ್ಗುವವರನ್ನು ತಡೆಯುವವನು, ಎಲ್ಲ ಅವನೇ. ಬಾದಾಮಿ ತಾಲೂಕಿನಲ್ಲಿ, ಶಿವಯೋಗ ಮಂದಿರದ ಕಡೆ, ಮಲಪ್ರಭೆಯ ದಂಡೆಯ ಹಳ್ಳಿ ಅವನದು. ಕುರಿಗಾರರ ದೇವರು ಬೀರಪ್ಪನ ಒಕ್ಕಲು. ಹುಟ್ಟಿದಾಗಿನಿಂದ ಕುರಿ ಕಾದವನು. ಹೆಂಡತಿ ಸತ್ಯವ್ವ ತೀರಿಕೊಂಡ ಮೇಲೆ, ಮೊಣಕಾಲೂ ಕೈಕೊಟ್ಟ ಮೇಲೆ, ಕುರಿಯನ್ನು ತಮ್ಮನಿಗೆ ಒಪ್ಪಿಸಿ ಮಗ ಬೀರೇಶನ ಹತ್ತಿರ ಬಾಗಲಕೋಟೆಗೆ ಬಂದ. ಬೀರೇಶ ಬಾಡಿಗೆಯ ಟಂಟಂ ಆಟೋ ಓಡಿಸುತ್ತಾನೆ.

ಕುರಿ ಬಿಟ್ಟು ಬಂದರೂ ಕುರಿ ಅವನನ್ನು ಬಿಟ್ಟಿರಲಿಲ್ಲ. ಬೆಂಚಿನ ಮೇಲೆ ಕೂತ ರೋಗಿಗಳನ್ನು ಒಮ್ಮೆ ಕಣ್ಣಾಡಿಸಿ, "ಅಕ್ಕಾರ, ಆ ಮೂಲ್ಯಾಗಿನ ಅಜ್ಜ ಮೇವು ಬಿಟ್ಟಾನ್ರಿ, ಮೊದಲ ಅವನ್ನ ನೋಡ್ರಿ" ಎಂದು ಒಳಗೆ ಬಂದು ಕಿವಿಯಲ್ಲಿ ಹೇಳುತ್ತಿದ್ದ. ನಾನು ಸಿಡುಕುತ್ತಿದ್ದೆ. ನೋಡಿದರೆ ಅಜ್ಜ ಎರಡು ದಿನದಿಂದ ಊಟ ಮಾಡಿರುತ್ತಿರಲಿಲ್ಲ. ಹಾಗೆಂದು ಕಾಕಾನ ಲೆಕ್ಕ ಯಾವಾಗಲೂ ಸರಿ ಅಂತೇನಲ್ಲ. ಎಳೆ ಮದುಮಗಳೊಬ್ಬಳಿಗೆ "ಕುಂಟಾಕತ್ತೈತಿ, ಗೊರಸು ನೋಡಬೇಕು" ಎಂದು ಹೇಳಿ ಆಕೆಯ ಅತ್ತೆಯಿಂದ ಬೈಸಿಕೊಂಡಿದ್ದೂ ಉಂಟು.

ರಿಜ್ವಾನ ಕೊಟ್ಟದ್ದು ಬಂಗಾಯಿ ಎಂಬ ಜಾತಿಯ ಮೀನು. ಇಂಡೋನೇಷ್ಯಾದ ಒಂದು ಮೂಲೆಯ ಹಿಡಿಯಷ್ಟು ನಡುಗಡ್ಡೆಗಳೇ ಅದರ ತವರು. ಹವಳದ ದಿಬ್ಬಗಳ ಅಂಚಿನಲ್ಲಿ, ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಇರುತ್ತದಂತೆ. ಬೆರಳುದ್ದದ ಬೆಳ್ಳಿ ಮೈ, ಅಡ್ಡಡ್ಡ ಕಪ್ಪು ಪಟ್ಟೆ, ಉದ್ದುದ್ದ ಕಪ್ಪು ರೆಕ್ಕೆಗಳ ತುಂಬ ಬಿಳಿ ಚುಕ್ಕಿ. ಕರಿ ಇಳಕಲ್ ಸೀರೆಗೆ ಕಸೂತಿ ಹಾಕಿದಂತೆ ಕಂಡಿತು ನನಗೆ, ಅದಕ್ಕೇ ಮರುಳಾದೆ. ಉಳಿದ ಮೀನುಗಳಂತೆ ಇದು ಅತ್ತಿಂದಿತ್ತ ಓಡುವುದಿಲ್ಲ. ನೀರಿನ ನಡುವೆ ಒಂದೇ ಕಡೆ ತೂಗಿಬಿಟ್ಟಂತೆ ನಿಂತಿರುತ್ತದೆ. ಇಷ್ಟು ಸಾಧು ಮೀನು ಎಂದು ನಾಲ್ಕು ತಂದರೆ, ತಿಂಗಳೊಳಗೆ ತಮ್ಮತಮ್ಮೊಳಗೆ ಬಡಿದಾಡಿ ಎರಡೇ ಉಳಿದವು. ಸಾಧು ಎಂದುಕೊಂಡದ್ದು ಇಂಥ ಜಗಳಗಂಟಿ ಎಂದು ನಾನು ಬೆರಗಾದೆ. ಕಾಕಾನಿಗೆ ಇದರಲ್ಲಿ ಏನೂ ಬೆರಗು ಕಾಣಲಿಲ್ಲ.

"ಬೆದಿಗೆ ಬಂದ ಟಗರು ಹಿಂಗ ಮಾಡ್ತಾವ್ರಿ" ಎಂದ. ಉಳಿದ ಎರಡರಲ್ಲಿ, ಜೊತೆಗೆ ತಂದಿದ್ದ ಪುಟ್ಟ ನೀಲಿ ಮೀನನ್ನು ಅಟ್ಟಾಡಿಸುವುದಕ್ಕೆ ಟಗರು ಎಂದೂ, ಅದರ ಹಿಂದೆ ಸುಮ್ಮನೆ ನಿಲ್ಲುವುದಕ್ಕೆ ಕುರಿ ಎಂದೂ ಹೆಸರಿಟ್ಟ.

ಆ ದಿನಗಳಲ್ಲೇ ಅವನ ಮನೆಯಲ್ಲಿ ಬೇರೆಯೇ ಗೊಂದಲ ಎದ್ದಿತ್ತು. ಸೊಸೆ ಮಹಾದೇವಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ ಪಾಸಾಗಿದ್ದಳು. ಹುನಗುಂದದ ಹುಡುಗಿ. ಬಸುರಿ ಇದ್ದಾಗ ಓದಿದಳು, ಬಾಣಂತನ ಮುಗಿಸಿ ಮೈದಾನದಲ್ಲಿ ಓಡಿದಳು. ಎಂಟೊಂಬತ್ತು ತಿಂಗಳ ತರಬೇತಿಗೆ ದೂರದ ಊರಿಗೆ ಹೋಗಬೇಕು. ಮಗಳಿಗೆ ಆಗಷ್ಟೇ ವರ್ಷ ತುಂಬಿತ್ತು. ಅಜ್ಜಿಯ ಹೆಸರನ್ನೇ ಇಟ್ಟಿದ್ದರಿಂದ ಆ ಕೂಸೂ ಸತ್ಯವ್ವ. ಆದರೆ ಕಾಕಾ ಸತ್ತ ಹೆಂಡತಿಯ ಹೆಸರು ಬಾಯಲ್ಲಿ ತರಲಾರದೆ ಮೊಮ್ಮಗಳನ್ನು "ಮುದುಕಿ" ಎಂದೇ ಕರೆಯುತ್ತಿದ್ದ. ಈ ಮುದುಕಿಯನ್ನು ಯಾರು ನೋಡಿಕೊಳ್ಳಬೇಕು? ಮಹಾದೇವಿಯ ತಾಯಿ ಹಾಸಿಗೆ ಹಿಡಿದಿದ್ದಾಳೆ. ಬೀರೇಶ ತಾನೇ ನೋಡಿಕೊಳ್ಳುತ್ತೇನೆ, ಬೆಳಿಗ್ಗೆ ಸಂಜೆ ಅಪ್ಪ ಮನೆಯಲ್ಲಿದ್ದಾಗಷ್ಟೇ ಟಂಟಂ ಓಡಿಸುತ್ತೇನೆ ಎಂದ. ಕಾಕಾ ಒಪ್ಪಲಿಲ್ಲ. ಹೆಣ್ಣಿಲ್ಲದ ಮನೆಯಲ್ಲಿ ಇಬ್ಬರು ಗಂಡಸರು ಕೂಸು ಸಾಕುವುದೆಂದರೇನು?

ಮಹಾದೇವಿ ನನ್ನ ಹತ್ತಿರ ಬಂದು ಕೂತಳು. "ಅಕ್ಕಾರ, ಮಾವಾರಿಗೆ ನೀವರ ಹೇಳ್ರಿ. ಮುಂದಿನ ಸಲ ಬರಿ ಅಂತಾರ. ಮುಂದಿನ ಸಲಕ್ಕ ನನ್ನ ವಯಸ್ಸು ಮುಗೀತೈತಿ. ಅವರು ಹೂಂ ಅನ್ನದ ನಾ ಹೆಂಗ ಹೋಗ್ಲಿ? ಕೂಸಿನ್ನ ಬಿಟ್ಟು ಹೋಗಾಕ ನನಗೂ ಧೈರ್ಯ ಇಲ್ರಿ. ಅವರು ಹೂಂ ಅಂದ್ರ ಬರ್ತೈತಿ."

ನಾನು ಕಾಕಾನನ್ನು ಕರೆದು ಜಾಡಿಸಿದೆ. ಆಕೆ ಓದಿದ್ದು, ಓಡಿದ್ದು, ಗೆದ್ದದ್ದು ಎಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಕೊನೆಗೆ, "ಬೀರಪ್ಪಗ ಹೂ ಕೇಳ್ತೇನ್ರಿ. ಅಂವ ಬಲಕ್ಕ ಕೊಟ್ರ ಆತು" ಎಂದ. ಲಕ್ಷ್ಮಪ್ಪ ಕಾಕಾ ಹೂವು ಕೇಳದೆ ಟಗರು ಮಾರಿದವನಲ್ಲ, ಮಗನ ಮದುವೆ ಮಾಡಿದವನಲ್ಲ. ಪೂಜಾರಿ ಹಸಿ ಹೂವನ್ನು ದೇವರ ಎರಡೂ ಭುಜಕ್ಕೆ ಹಚ್ಚುತ್ತಾನೆ. ಕೇಳಿದ ಮಾತಿಗೆ ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ.

ಊರಿಗೆ ಹೋಗಿ ಎರಡು ದಿನ ಬಿಟ್ಟು ಬಂದ. ಮುಖ ನೋಡಿದರೆ ಹೌದೂ ಇರಲಿಲ್ಲ, ಅಲ್ಲವೂ ಇರಲಿಲ್ಲ.

"ಏನಾತು ಕಾಕಾ?"

"ಬೀಳಲಿಲ್ರಿ."

"ಯಾವ ಕಡೆಯದು?"

"ಯಾವದೂ ಬೀಳಲಿಲ್ಲ ಅಕ್ಕಾರ. ಮುಂಜಾನಿಂದ ಸಂಜಿತನಾ ಕುಂತೆ. ಹಚ್ಚಿದ್ದು ಹಚ್ಚಿದಂಗ ಇತ್ತು. ಪೂಜಾರಿ ಮುಂದಿನ ಅಮಾಸಿಗೆ ಬಾ ಅಂದ."

ಮುಂದಿನ ಅಮಾವಾಸ್ಯೆಗೆ ಮುಂಚೆಯೇ ಮಹಾದೇವಿ ಹೋಗಿ ಹಾಜರಾಗಬೇಕಿತ್ತು. ಅತ್ತ ದರಿ, ಇತ್ತ ಪುಲಿ. ಕಾಕಾ ಆ ವಾರವೆಲ್ಲ ಉಪ್ಪಿನ ಅಳತೆ ತಪ್ಪಿಸಿದ, ರೋಗಿಗಳ ಪಾಳಿ ತಪ್ಪಿಸಿದ. ಒಮ್ಮೆಯಂತೂ ಹಲ್ಲು ಕೀಳಿಸಿಕೊಳ್ಳಬೇಕಾದವರ ಬದಲು ಅವರ ಜೊತೆ ಬಂದವರನ್ನು ಒಳಗೆ ಕಳಿಸಿದ.

ಅಷ್ಟರಲ್ಲಿ ತೊಟ್ಟಿಯ ಕುರಿ ಮೇವು ಬಿಟ್ಟದ್ದು ಕಣ್ಣಿಗೆ ಬಿತ್ತು. ಕಾಕಾ ಕಾಳಿನಷ್ಟು ಸಿಗಡಿ ಹಾಕಿದರೆ ಟಗರು ಗಬಕ್ಕನೆ ನುಂಗುತ್ತಿತ್ತು, ಕುರಿ ಮುಖ ತಿರುಗಿಸುತ್ತಿತ್ತು. ಅದರ ಗದ್ದ ಉಬ್ಬಿ ಕೆಳಗೆ ಜೋತುಬಿದ್ದಿತ್ತು. ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ.

"ಗದ್ದಬಾವು ಐತ್ರಿ ಇದು" ಎಂದ ಕಾಕಾ, ಬಹಳ ದಿನಗಳ ಮೇಲೆ ತನಗೆ ಗೊತ್ತಿರುವ ವಿಷಯವೊಂದು ಸಿಕ್ಕಿದ ಸಮಾಧಾನದಲ್ಲಿ. "ಹೊಟ್ಟ್ಯಾಗ ಜಂತು ಆದ್ರ ಕುರಿ ಗದ್ದ ಹಿಂಗ ಬಾಯ್ತೈತಿ. ಹಿಂಡಿನಿಂದ ಬ್ಯಾರೆ ಮಾಡಬೇಕು, ಜಂತಿನ ಔಷಧ ಕುಡಸಬೇಕು. ಮನ್ಯಾಗ ಒಂದು ಬಾಟ್ಲಿ ಉಳದೈತಿ, ತರ್ತೇನಿ."

ನನಗೆ ನಗು ಬಂತು. ಆದರೆ ನಾನೇನು ಕಡಿಮೆಯೇ? ಗದ್ದ ಊದಿದ್ದು ಕಂಡಕೂಡಲೇ ನನ್ನ ತಲೆಗೆ ಹೊಳೆದದ್ದು ವಸಡಿನ ಕೀವು. ಅವನು ಕುರಿ ಡಾಕ್ಟರ್, ನಾನು ಹಲ್ಲಿನ ಡಾಕ್ಟರ್. ಮೀನನ್ನು ಮೀನೆಂದು ನೋಡುವವರು ಅಲ್ಲಿ ಯಾರೂ ಇರಲಿಲ್ಲ. "ಔಷಧ ತಡಿ ಕಾಕಾ, ಮೊದಲ ಬಾಯಿ ನೋಡೂಣು" ಎಂದೆ.

ಕಾಕಾ ಬಿಳಿ ಬಕೆಟ್ಟನ್ನು ತೊಟ್ಟಿಯೊಳಗೆ ಮುಳುಗಿಸಿ, ಕುರಿಮರಿಯನ್ನು ದಡ್ಡಿಯೊಳಗೆ ಕರೆದಂತೆ ನಾಲಿಗೆಯಲ್ಲಿ ಟುರ್‌ರ್ ಎಂದು ಸದ್ದು ಮಾಡುತ್ತ, ಮೀನನ್ನು ಬಕೆಟ್ಟಿಗೆ ಹೊಡೆದುಕೊಂಡ. ಟಗರು ಗಾಜಿಗೆ ಬಂದು ಬಂದು ಗುದ್ದುತ್ತಿತ್ತು. ನಾನು ಉದ್ದ ಹಿಡಿಕೆಯ ಕನ್ನಡಿ ಮತ್ತು ಟಾರ್ಚು ಹಿಡಿದು ನೀರಿನ ಮೇಲೆ ಬಗ್ಗಿದೆ. ಹಲ್ಲು ತೆಗೆಸಿಕೊಂಡು ಹತ್ತಿ ಕಚ್ಚಿ ಕೂತಿದ್ದ ಅಜ್ಜಿಯೊಬ್ಬಳು ತನ್ನ ನೋವು ಮರೆತು ಎದ್ದು ಬಂದಳು. ಮೀನು ಆಕಳಿಸಿದಂತೆ ಬಾಯಿ ತೆರೆಯಿತು. ಒಳಗೆ ಕೀವಿರಲಿಲ್ಲ. ಒಳಗೆ ಕಣ್ಣುಗಳಿದ್ದವು.

ಬಾಯ ತುಂಬ ಕಣ್ಣು. ಸಣ್ಣ ಸಣ್ಣ ಬೆಳ್ಳಿ ಕಣ್ಣುಗಳು, ಒತ್ತೊತ್ತಾಗಿ, ಟಾರ್ಚಿನ ಬೆಳಕಿಗೆ ಮಿನುಗುತ್ತ. ಮೀನು ಬಾಯಿ ಮುಚ್ಚಿ, ಒಳಗಿದ್ದುದನ್ನು ಹೊರಳಿಸಿ, ಮತ್ತೆ ತೆರೆಯಿತು. ನಾನು ಕನ್ನಡಿ ಕೈಬಿಟ್ಟೆ.

"ಅಕ್ಕಾರ," ಎಂದ ಕಾಕಾ ಮೆಲ್ಲಗೆ, "ನಮ್ಮನ್ನ ನೋಡಾಕತ್ತಾವ್ರಿ."

ರಿಜ್ವಾನನಿಗೆ ಫೋನು ಹಚ್ಚಿದೆ. ಅವನು ಕೇಳಿದವನೇ ಕಿರುಚಿದ. "ಮೇಡಮ್ಮಾರ, ಅದನ್ನ ಮುಟ್ಟಬ್ಯಾಡ್ರಿ! ಹಂಗ ವಾಪಸ್ ಬಿಡ್ರಿ! ಹೆದರಿದ್ರ ಉಗಳ್ತೈತಿ, ಇಲ್ಲಾ ನುಂಗ್ತೈತಿ. ಅದು ಗಂಡು ಐತ್ರಿ. ಬಾಯಾಗ ಮಕ್ಕಳು ಇಟ್ಕೊಂಡೈತಿ."

ಹೆಣ್ಣು ಮೊಟ್ಟೆ ಇಟ್ಟ ಕೂಡಲೇ ಗಂಡು ಅವನ್ನೆಲ್ಲ ಬಾಯಿಗೆ ತೆಗೆದುಕೊಳ್ಳುತ್ತದಂತೆ. ಮೊಟ್ಟೆ ಒಡೆದರೂ ಬಿಡುವುದಿಲ್ಲ, ಮರಿ ಈಜುವಷ್ಟು ಬಲಿಯುವವರೆಗೂ ಬಾಯಲ್ಲೇ ಇಟ್ಟುಕೊಂಡಿರುತ್ತದಂತೆ. ಹೆಚ್ಚುಕಡಿಮೆ ಒಂದು ತಿಂಗಳು. ಅಷ್ಟೂ ದಿನ ಒಂದು ತುತ್ತು ತಿನ್ನುವುದಿಲ್ಲ. ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದರೆ, "ನೀವು ಕೇಳಲಿಲ್ಲಲ್ರಿ" ಎಂದ. ಇವನ ನಾಲಿಗೆಯಲ್ಲೊಂದು ಹಲ್ಲಿದ್ದಿದ್ದರೆ ಅರಿವಳಿಕೆ ಇಲ್ಲದೆ ಕೀಳುತ್ತಿದ್ದೆ.

ಮೀನನ್ನು ಉಸಿರು ಬಿಗಿಹಿಡಿದು ತೊಟ್ಟಿಗೆ ಬಿಟ್ಟೆವು. ಕಾಕಾ ಅಲ್ಲೇ ನೆಲದ ಮೇಲೆ ಕೂತ.

"ಹಂಗಾರ ಟಗರು?"

"ಅದು ಹೆಣ್ಣು, ಕಾಕಾ."

"ತತ್ತಿ ಇಟ್ಟಾಕಿ?"

"ಆಕಿನ."

"ಹೊತ್ತಾಂವ?"

"ಇಂವ."

ಅವನು ಎರಡೂ ಮೀನನ್ನು ಬಹಳ ಹೊತ್ತು ನೋಡಿದ. ಗಂಡು ಮೂಲೆಯಲ್ಲಿ ಗದ್ದ ಉಬ್ಬಿಸಿಕೊಂಡು ನಿಂತಿತ್ತು. ಹೆಣ್ಣು ಅದರ ಮುಂದೆ ಅಡ್ಡ ನಿಂತು, ಹತ್ತಿರ ಸುಳಿದ ನೀಲಿ ಮೀನನ್ನು ಅಟ್ಟಿತು. "ಮತ್ತ ಆಕಿ ಏನ ಮಾಡ್ತಾಳ್ರಿ, ಹಡದು ಕೊಟ್ಟು?" ಎಂದ.

ನಾನು ಯೋಚಿಸಿ ಹೇಳಿದ ಮಾತಲ್ಲ, ಬಾಯಿಗೆ ಬಂತು. "ಕಾಣವಲ್ದೇನು? ಪೊಲೀಸ್ ಕೆಲಸ ಮಾಡಾಕತ್ತಾಳ."

ಕಾಕಾ ನಗಲಿಲ್ಲ. ಮರುದಿನ ಬೆಳಿಗ್ಗೆ ಮಹಾದೇವಿ ಫೋನು ಮಾಡಿ, ಮಾವ ಹೂಂ ಅಂದರು ಎಂದು ಹೇಳುತ್ತ ಅತ್ತುಬಿಟ್ಟಳು. "ಬೀರಪ್ಪ ಹೂ ಕೊಡಲಿಲ್ಲ, ಮೀನ ಕೊಟ್ಟಾನ ಅಂದ್ರು ಅಕ್ಕಾರ. ಏನ್ ಮೀನ್ರಿ ಅದು? ನನಗ ಏನೂ ತಿಳೀವಲ್ದು."

ನನಗೂ ತಿಳಿಯಲಿಲ್ಲ. ನನ್ನ ವಾದ, ಬೀರೇಶನ ಗೋಗರೆತ, ಸೊಸೆಯ ಕಣ್ಣೀರು ಯಾವುದಕ್ಕೂ ಜಗ್ಗದವನು ಬೆರಳುದ್ದದ ಮೀನಿನ ಬಾಯಿ ನೋಡಿ ಒಪ್ಪಿದ್ದ. ಸಿಟ್ಟು ಬರಬೇಕಿತ್ತು. ಆದರೆ ಅವನ ಮುಖದಲ್ಲಿನ ನೆಮ್ಮದಿ ಕಂಡು ಬರಲಿಲ್ಲ.

ಆಮೇಲೆ ಕಾಕಾ ದಿನವಿಡೀ ತೊಟ್ಟಿಯ ಮುಂದೆ. ರೋಗಿಗಳಿಗೆಲ್ಲ ತೋರಿಸುವುದು, "ಇದು ಅಪ್ಪ ಐತ್ರಿ, ಉಪಾಸ ಮಾಡೈತಿ" ಎಂದು ಹೇಳುವುದು. ತಾನೂ ಮಧ್ಯಾಹ್ನದ ರೊಟ್ಟಿಯನ್ನು ಅದರ ಕಣ್ಣಿಗೆ ಬೀಳದಂತೆ ಹಿತ್ತಲಲ್ಲಿ ಕೂತು ತಿನ್ನುತ್ತಿದ್ದ. ಮನೆಯಲ್ಲಿ ಬೀರೇಶ ಕೂಸಿಗೆ ಎಣ್ಣೆ ತಿಕ್ಕುವುದು, ರಾಗಿ ಗಂಜಿ ಕುಡಿಸುವುದು ಕಲಿಯುತ್ತಿದ್ದ. ಗಂಜಿ ಕೂಸಿನ ಹೊಟ್ಟೆಗಿಂತ ಅವನ ಅಂಗಿಗೆ ಹೆಚ್ಚು ಹೋಗುತ್ತಿತ್ತು ಎಂದು ಕಾಕಾ ಹೇಳುತ್ತಿದ್ದ. ಮಹಾದೇವಿ ಒಂದು ದಿನ ಹೋಗುತ್ತೇನೆ ಎನ್ನುತ್ತಿದ್ದಳು, ಮರುದಿನ ಬೇಡ ಎನ್ನುತ್ತಿದ್ದಳು. ಹಾಲು ಬಿಡಿಸಿದ ರಾತ್ರಿ ಕೂಸಿಗಿಂತ ಹೆಚ್ಚು ಅತ್ತವಳು ಅವಳೇ ಅಂತೆ. ಆಗೆಲ್ಲ ಕಾಕಾ, "ಮೀನ ಚೊಲೋ ಐತಿ ಯವ್ವಾ, ನೀ ಚಿಂತಿ ಬಿಡು" ಎನ್ನುತ್ತಿದ್ದ. ಅಷ್ಟು ಕೇಳಿದರೆ ಅವಳಿಗೂ ಧೈರ್ಯ ಬರುತ್ತಿತ್ತು. ಮೊದಮೊದಲು ನಕ್ಕವಳು ಬರುಬರುತ್ತ ತಾನೇ ದಿನಾ ಕೇಳತೊಡಗಿದಳು, "ಮಾವಾ, ಮೀನ ಹೆಂಗೈತಿ?"

ರಿಜ್ವಾನ ಇನ್ನೊಂದು ಮಾತು ಹೇಳಿದ್ದ. ಸಮುದ್ರದಲ್ಲಿ ಈ ಮರಿಗಳು ಹೊರಬಿದ್ದ ಕೂಡಲೇ ಉದ್ದ ಮುಳ್ಳಿನ ಒಂದು ಪ್ರಾಣಿಯ ಮುಳ್ಳುಗಳ ಸಂದಿಯಲ್ಲಿ ಹೊಕ್ಕು ಬದುಕುತ್ತವೆ, ಆ ಮುಳ್ಳಿನ ಪ್ರಾಣಿಯನ್ನು ಮುಂಬೈಯಿಂದ ತರಿಸಿ ಕಳಿಸುತ್ತೇನೆ ಎಂದು. ಅದು ಬರಲೇ ಇಲ್ಲ. ಆದರೆ ಮುಳ್ಳು ಎಂದದ್ದು ಕಾಕಾನಿಗೆ ತಟ್ಟನೆ ಅರ್ಥವಾಯಿತು. ಅಡವಿಯಲ್ಲಿ ಕುರಿಮರಿಗಳ ಸುತ್ತ ತೋಳ ಬಾರದಂತೆ ಮುಳ್ಳು ಹಚ್ಚುವುದು ಅವನ ಜನ್ಮದ ಕೆಲಸ. ಮರುದಿನವೇ ಜಾಲಿಯ ಟೊಂಗೆ ಕಡಿದು, ತೊಳೆದು, ತಂದು ತೊಟ್ಟಿಯಲ್ಲಿಟ್ಟ. ಸಂಜೆಯೊಳಗೆ ನೀರು ಚಹಾದಂತೆ ಕಂದಾಯಿತು. ರಿಜ್ವಾನ ಫೋನಿನಲ್ಲೇ ಹಣೆ ಬಡಿದುಕೊಂಡು, ಅದನ್ನು ತೆಗೆದು ಹೊಸ ಪ್ಲಾಸ್ಟಿಕ್ ಕಸಬರಿಗೆಯ ಕಡ್ಡಿಗಳನ್ನಾದರೂ ಇಡಿ ಎಂದ. ನಾವು ಹೊಸ ಕಸಬರಿಗೆ ಕೊಂಡು, ಹಿಡಿಕೆ ಕತ್ತರಿಸಿ, ಕಲ್ಲು ಕಟ್ಟಿ, ಕಡ್ಡಿ ಮೇಲಾಗಿ ನಿಲ್ಲಿಸಿದೆವು. ಬಾಗಲಕೋಟೆಯ ಸಮುದ್ರದಲ್ಲಿ ಕಸಬರಿಗೆ ಬೆಳೆಯಿತು.

ಮಹಾದೇವಿ ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಪ್ಪ ಮೀನು ಬಾಯಿ ತೆರೆಯಿತು. ಒಂದೊಂದಾಗಿ, ಉಗುರಿನ ತುದಿಯಷ್ಟು ಮರಿಗಳು ಹೊರಬಂದವು. ಅಪ್ಪ ಅವ್ವನ ತದ್ರೂಪ: ಅದೇ ಬೆಳ್ಳಿ ಮೈ, ಅದೇ ಕಪ್ಪು ಪಟ್ಟೆ. ಬಂದವು ಬಂದಂತೆಯೇ ಕಸಬರಿಗೆಯ ಕಡ್ಡಿಗಳ ನಡುವೆ ಹೊಕ್ಕವು. ನಾನು ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ರೋಗಿಯನ್ನು ಹಾಗೇ ಬಿಟ್ಟು ಓಡಿಬಂದೆ. ಕಾಕಾನ ಕಣ್ಣಲ್ಲಿ ನೀರಿತ್ತು. ಮನೆಗೆ ಫೋನು ಮಾಡಿ, "ಮಾದೇವಿ, ಮರಿ ಬಿಟ್ಟೈತವ್ವಾ! ಎಲ್ಲಾ ಚೊಲೋ ಅದಾವ. ಬೀರಪ್ಪ ಬಲಕ್ಕ ಕೊಟ್ಟಾನ, ನೀ ಹೋಗು!" ಎಂದು ಇಡೀ ವಿದ್ಯಾಗಿರಿಗೆ ಕೇಳುವಂತೆ ಕೂಗಿದ. ಬಸ್ಸಿಗೆ ಹೋಗುವ ಮುಂಚೆ ಮರಿ ನೋಡಿಯೇ ಹೋಗುತ್ತೇನೆ ಎಂದಳಂತೆ ಅವಳು.

ಮರುದಿನ ಬೆಳಿಗ್ಗೆ ನಾನು ದವಾಖಾನೆಗೆ ಬಂದಾಗ ಕಾಕಾ ತೊಟ್ಟಿಯ ಮುಂದೆ ನಿಂತಿದ್ದ. ನಾನು ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಕಸಬರಿಗೆ ಕಲ್ಲಿನಿಂದ ಬಿಚ್ಚಿಕೊಂಡು ನೀರಿನ ಮೇಲೆ ತೇಲುತ್ತಿತ್ತು. ಅದರ ಕೆಳಗೆ ಒಂದೂ ಮರಿ ಇರಲಿಲ್ಲ. ಮೂಲೆಮೂಲೆ ಹುಡುಕಿದೆ, ಪಂಪಿನೊಳಗೆ ನೋಡಿದೆ. ಇರಲಿಲ್ಲ. ಗದ್ದ ಇಳಿದ ಅಪ್ಪ ನೀರಿನ ನಡುವೆ ಎಂದಿನಂತೆ ತೂಗುತ್ತ ನಿಂತಿತ್ತು. ಅದರ ಹೊಟ್ಟೆ ದುಂಡಗಾಗಿತ್ತು.

"ನಾ ಬಂದಾಗ ಒಂದು ಉಳಿದಿತ್ರಿ," ಎಂದ ಕಾಕಾ. "ನನ್ನ ಕಣ್ಣಮುಂದನ ತಿಂತು. ಆಕಿ ಅಲ್ಲ. ಇಂವ."

ರಿಜ್ವಾನನಿಗೆ ಫೋನು ಮಾಡಿದೆ. ಈ ಸಲ ಅವನು ಮಾತಿನ ಮಲ್ಲನಾಗಿರಲಿಲ್ಲ. ಬಾಯೊಳಗೆ ಇರುವವರೆಗಷ್ಟೇ ಅವು ಅದರ ಮಕ್ಕಳು, ಹೊರಗೆ ಬಿದ್ದ ಮೇಲೆ ಅದಕ್ಕೆ ಗುರುತು ಹತ್ತುವುದಿಲ್ಲ, ತಿಂಗಳ ಹಸಿವು ಬೇರೆ, ಅಡಗಲು ಜಾಗವಿಲ್ಲದಿದ್ದರೆ ತಿಂದುಬಿಡುತ್ತದೆ ಎಂದ.

ನಾನು ಅದನ್ನೇ ಕಾಕಾನಿಗೆ ಹೇಳಿದೆ. ಅವನು ಕೇಳಿದನೋ ಇಲ್ಲವೋ. "ತಿಂಗಳತನಾ ಬಾಯಾಗ ಇಟ್ಕೊಂಡು ಒಂದು ತುತ್ತು ತಿನ್ನಲಿಲ್ಲ," ಎಂದ. "ಮರಿಗೋಳ್ನ ಉಳಸಾಕ ತಿನ್ನಲಿಲ್ಲ. ಮತ್ತ ಇವನ್ನ ತಿಂದ. ಇದೇನ ಅಕ್ಕಾರ ಇದು? ಇದು ಯಾವ ಕಡಿ ಹೂವು?"

ಇದು ಬರೀ ಮೀನು ಕಾಕಾ, ದೇವರ ಮಾತಲ್ಲ ಎಂದು ಹೇಳಬೇಕೆಂದುಕೊಂಡೆ. ಆದರೆ ಮಹಾದೇವಿಗೆ ಹೋಗು ಎಂದದ್ದೂ ಈ ಮೀನೇ. ಅದನ್ನು ಬರೀ ಮೀನು ಮಾಡಿದರೆ ಆ ಹೂಂ ಕೂಡ ಹೋಗುತ್ತದೆ. ದೇವರ ಮಾತೆಂದೇ ಇಟ್ಟುಕೊಂಡರೆ ದೇವರು ಈಗ ಬೇಡ ಅಂದಂತಾಯಿತು. ಎರಡು ಕಡೆಯಿಂದಲೂ ಕೆಲಸ ಕೆಟ್ಟಿತ್ತು.

ಹೊರಗೆ ಟಂಟಂ ನಿಂತ ಸದ್ದಾಯಿತು. ಕಾಕಾ ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ತೊಟ್ಟಿಯ ಕಡೆ ನೋಡಿದ. ಆಮೇಲೆ ಕೈ ಚಾಚಿ ತೊಟ್ಟಿಯ ದೀಪ ಆರಿಸಿದ. ತೇಲುತ್ತಿದ್ದ ಕಸಬರಿಗೆಯನ್ನು ನೀರೊಳಗೆ ಒತ್ತಿ ಹಿಂಬದಿಯ ಕಲ್ಲಿನ ಸಂದಿಗೆ ಸಿಕ್ಕಿಸಿದ. ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು ತೊಟ್ಟಿಗೆ ಬೆನ್ನು ಕೊಟ್ಟು ನಿಂತ.

ಮಹಾದೇವಿ ಕೂಸನ್ನು ಎತ್ತಿಕೊಂಡು ಬಂದಳು. ಹಿಂದೆ ಬೀರೇಶ ಬಂದ. ಅವಳ ಬ್ಯಾಗು ಟಂಟಂನಲ್ಲೇ ಇತ್ತು. ಅವಳ ಕಣ್ಣು ಬಾತಿದ್ದವು. "ಅಕ್ಕಾರ, ನನಗ ಹೆಜ್ಜಿ ಬರವಲ್ಲವ್ರಿ" ಎಂದಳು. "ಹಾದಿ ತುಂಬ ವಾಪಸ್ ಹೋಗೂಣು ಅಂದೇನಿ ಇವರಿಗೆ. ಮರಿ ನೋಡಿದ್ರ ಹೋಗ್ತೇನಿ. ಎಲ್ಲಿ ಮಾವಾ? ದೀಪ ಯಾಕ ಆರಿಸೀರಿ?"

"ಮಲಗ್ಯಾವ ಯವ್ವಾ."

"ಮೀನ ಮಲಗ್ತಾವ?"

"ಎಳಿ ಮರಿ ಅಲ್ಲೇನು. ಬೆಳಕಿಗೆ ಅಂಜ್ತಾವ. ಅಲ್ಲಿ, ಕಡ್ಡಿ ಸಂದ್ಯಾಗ ಅದಾವ ನೋಡು."

ಅವಳು ಗಾಜಿಗೆ ಹಣೆ ಹಚ್ಚಿ ಇಣುಕಿದಳು. ಕತ್ತಲಲ್ಲಿ ಕಡ್ಡಿಗಳಷ್ಟೇ ಕಾಣುತ್ತಿದ್ದವು. "ಅಪ್ಪ ಎಲ್ಲೈತಿ?"

"ಅಪ್ಪನೂ ಅಲ್ಲೇ ಐತಿ. ಕಾಯಾಕತ್ತೈತಿ. ಎಲ್ಲಾ ಚೊಲೋ ಅದಾವ."

ಅವಳು ನನ್ನ ಕಡೆ ತಿರುಗಿದಳು. "ಖರೇನ ಅಕ್ಕಾರ?"

ಎದುರಿಗೆ ಯಾರಿದ್ದರೂ ಹಲ್ಲು ಕೊಳೆತಿದ್ದರೆ ಕೊಳೆತಿದೆ ಎಂದೇ ಹೇಳುವವಳು ನಾನು. ಕಾಕಾ ನನ್ನನ್ನು ನೋಡಲಿಲ್ಲ. ನೆಲ ನೋಡುತ್ತಿದ್ದ. ಗೋಗರೆಯುವಂತೆ ನೋಡಿದ್ದರೆ ಬಹುಶಃ ನಿಜ ಹೇಳಿಬಿಡುತ್ತಿದ್ದೆ.

"ಖರೆ," ಎಂದೆ. "ನಾನ ನೋಡೇನಿ. ಹೋಗು, ಬಸ್ ತಪ್ಪೀತು."

ಅವಳು ಕೂಸಿನ ತಲೆಗೆ ಮುಖವಿಟ್ಟು ಒಂದು ಗಳಿಗೆ ನಿಂತಳು. ಆಮೇಲೆ ಅದನ್ನು ಮಾವನ ಕೈಗೆ ಕೊಟ್ಟು, ಅವನ ಕಾಲು ಮುಟ್ಟಿ, ಹಿಂದೆ ನೋಡದೆ ಟಂಟಂ ಹತ್ತಿದಳು. ಬೀರೇಶ ಹ್ಯಾಂಡಲ್ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡು ಗಾಡಿ ಬಿಟ್ಟ. ರಸ್ತೆಯ ತಿರುವಿನಲ್ಲಿ ಗಾಡಿ ಮರೆಯಾಗುವವರೆಗೂ ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು.

"ಕಾಕಾ, ಸುಳ್ಳು ಹೇಳಿದಿ."

"ಹೂನ್ರಿ."

"ಬೀರಪ್ಪ ಏನಂತಾನ ಈಗ?"

ಅವನು ಕೂಸಿನ ಬೆನ್ನು ತಟ್ಟಿದ. "ಅಂವ ಏನಂತಾನೋ ನನಗ ತಿಳೀವಲ್ದು ಅಕ್ಕಾರ. ಹೂ ಬೀಳಿಸಲಿಲ್ಲ. ಮೀನ ಕೊಟ್ಟ. ಕೊಟ್ಟದ್ದನ್ನ ತಾನ ಕಸ್ಕೊಂಡ. ಅವನ ಮಾತು ಅವಗ ಇರಲಿ," ಎಂದ. "ನಾ ಅಂತೂ ಹೂಂ ಅಂದೇನಿ."

ಅವ್ವ ಕಾಣದ್ದಕ್ಕೆ ಮುದುಕಿ ಅಳಲು ಶುರುಮಾಡಿತು. ಅಜ್ಜ ಟುರ್‌ರ್ ಎಂದ, ಎದೆಗೆ ಒತ್ತಿಕೊಂಡ, ಅಂಗಳದಲ್ಲಿ ಓಡಾಡಿದ. ಅಳು ಜೋರಾಯಿತು. ಹಾಲಿನ ಬಾಟಲಿ ಹುಡುಕಿದೆವು. ಅದು ಬ್ಯಾಗಿನ ಜೊತೆ ಟಂಟಂನಲ್ಲಿ ಹೋಗಿತ್ತೋ, ಮನೆಯಲ್ಲೇ ಉಳಿದಿತ್ತೋ, ಇಬ್ಬರಿಗೂ ಗೊತ್ತಿರಲಿಲ್ಲ.